ನಿಮಗಿದು ಗೊತ್ತೇ? ನಮ್ಮ ಸೀಮೆಯ ರನ್‌ವೇ, ನಮ್ಮ ಗಾಳಿ

ಕೊತ್ತಪಲ್ಲಿ, ಮಕ್ತಲ್, ನಾರಾಯಣಪೇಟೆ, ಗದ್ವಾಲ ಕಡೆಯವರಿಗೆ ವಿಮಾನ ಎಂದ ಕೂಡಲೇ ನೆನಪಾಗುವುದು ಶಂಷಾಬಾದ್. ಆದರೆ ನಮ್ಮ ಸುತ್ತ ಇನ್ನೂ ಮೂರು ರನ್‌ವೇಗಳಿವೆ. ಅಲ್ಲಿ ವಿಮಾನ ಯಾವಾಗ ಇಳಿಯಬೇಕು, ಯಾವ ಕಡೆಯಿಂದ ಏರಬೇಕು ಎಂಬುದರಲ್ಲಿ ನಮ್ಮ ಬಿಸಿಲು, ಗಾಳಿ, ಮಳೆಗಳ ಮಾತೂ ನಡೆಯುತ್ತದೆ.

● ಹದಿನಾರು ತಿಂಗಳಲ್ಲಿ ನಮ್ಮ ಸುತ್ತ ಮೂರು ಊರುಗಳಿಗೆ ವಿಮಾನ ಬಂತು. 2019ರ ನವೆಂಬರ್ 22ರಂದು ಕಲಬುರಗಿ, 2020ರ ಫೆಬ್ರವರಿ 7ರಂದು ಬೀದರ್, 2021ರ ಮಾರ್ಚ್‌ನಲ್ಲಿ ಕರ್ನೂಲು ಬಳಿಯ ಓರ್ವಕಲ್ಲು.

● ಬೀದರಿನ ರನ್‌ವೇ ವಾಯುಪಡೆಯದು. ಪ್ರಯಾಣಿಕರಿಗೆಂದು ಪಕ್ಕದಲ್ಲಿ ಟರ್ಮಿನಲ್ ಕಟ್ಟಿದ್ದಾರೆ. ಆಕಾಶದಲ್ಲಿ ಕಸರತ್ತು ತೋರಿಸುವ ‘ಸೂರ್ಯಕಿರಣ’ ತಂಡದ ನೆಲೆಯೂ ಇದೇ.

● ಶಂಷಾಬಾದಿನ ಮುಖ್ಯ ರನ್‌ವೇ 4,260 ಮೀಟರ್ ಉದ್ದ. ಓರ್ವಕಲ್ಲಿನದು 2,000 ಮೀಟರ್. ಸುಮಾರು 70 ಜನ ಕೂರುವ ಎಟಿಆರ್ ವಿಮಾನಕ್ಕೆ ಸಾಮಾನ್ಯ ಹವೆಯಲ್ಲಿ 1,400 ಮೀಟರ್ ಆಸುಪಾಸು ಸಾಕು. ಚಿಕ್ಕ ಊರುಗಳಿಗೆ ಇದೇ ವಿಮಾನ ಹೆಚ್ಚಾಗಿ ಬರುವುದಕ್ಕೆ ಇದೂ ಒಂದು ಕಾರಣ.

● ರನ್‌ವೇ ತುದಿಯಲ್ಲಿ ಬರೆದ ಅಂಕೆ ದಿಕ್ಕನ್ನು ಹೇಳುತ್ತದೆ. 09 ಎಂದರೆ ದಿಕ್ಸೂಚಿಯ 90 ಡಿಗ್ರಿ, ಅಂದರೆ ಪೂರ್ವ. 27 ಎಂದರೆ 270 ಡಿಗ್ರಿ, ಪಶ್ಚಿಮ. ಒಂದೇ ರನ್‌ವೇಯ ಎರಡು ತುದಿಗಳ ಅಂಕೆಗಳಿಗೆ ಯಾವಾಗಲೂ 18ರ ಅಂತರ.

● ರಾಶಿ ತೂರುವ ರೈತನಂತೆ ಪೈಲಟ್ ಕೂಡ ಮೊದಲು ನೋಡುವುದು ಗಾಳಿಯ ದಿಕ್ಕನ್ನು. ಏರುವುದೂ ಇಳಿಯುವುದೂ ಆದಷ್ಟು ಎದುರುಗಾಳಿಗೇ. ಗಂಟೆಗೆ 30 ಕಿ.ಮೀ. ಎದುರುಗಾಳಿ ಇದ್ದರೆ, 240 ಕಿ.ಮೀ. ವೇಗದಲ್ಲಿ ಏಳಬೇಕಾದ ವಿಮಾನ ನೆಲದ ಮೇಲೆ 210 ಕಿ.ಮೀ. ವೇಗದಲ್ಲೇ ಎದ್ದುಬಿಡುತ್ತದೆ.

● ಮುಂಗಾರಿನಲ್ಲಿ ನಮ್ಮಲ್ಲಿ ಬೀಸುವುದು ಪಶ್ಚಿಮದ ಗಾಳಿ. ಹೀಗಾಗಿ ಆಗ ಮುಂಬೈಯಿಂದ ಶಂಷಾಬಾದಿಗೆ ಬರುವ ವಿಮಾನ ಸಾಮಾನ್ಯವಾಗಿ ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ, ತಿರುಗಿ ಬಂದು ಪಶ್ಚಿಮಕ್ಕೆ ಮುಖಮಾಡಿ ಇಳಿಯುತ್ತದೆ. ಸುತ್ತು ಹಾಕಿತೆಂದು ಗಾಬರಿಯಾಗಬೇಡಿ.

● ಬಿಸಿ ಗಾಳಿ ತೆಳು. ರೆಕ್ಕೆಗೆ ಆಸರೆ ಕಡಿಮೆ, ಎಂಜಿನ್ನಿನ ಬಲವೂ ಕಡಿಮೆ. ಕಲಬುರಗಿ ಇರುವುದು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿ. ಮೇ ತಿಂಗಳ 42 ಡಿಗ್ರಿ ಬಿಸಿಲಿನಲ್ಲಿ ಅಲ್ಲಿಂದ ಏರುವ ವಿಮಾನದ ಪಾಲಿಗೆ ಆ ಗಾಳಿ ಸುಮಾರು 1,500 ಮೀಟರ್ ಎತ್ತರದ ಗಾಳಿಯಷ್ಟೇ ತೆಳು. ಅಂದರೆ ಮಡಿಕೇರಿಗಿಂತಲೂ ಎತ್ತರ! ಹೆಚ್ಚು ದೂರ ಓಡಬೇಕು, ಇಲ್ಲವೇ ಭಾರ ಇಳಿಸಬೇಕು. ಕಲಬುರಗಿಯ ರನ್‌ವೇ 3 ಕಿ.ಮೀ.ಗೂ ಉದ್ದವಿರುವುದು ಇಂಥ ಹೊತ್ತಿನಲ್ಲಿ ವರ.

● ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗುಮೋಡ ಪೈಲಟ್‌ಗಳಿಗೆ ಬಿಸಿಲಿಗಿಂತ ದೊಡ್ಡ ತಲೆನೋವು. ಮೋಡದಿಂದ ಧುಮುಕಿದ ಗಾಳಿ ನೆಲಕ್ಕೆ ಬಡಿದು ನಾಲ್ಕೂ ಕಡೆ ಚದುರುತ್ತದೆ. ಅದರೊಳಗೆ ಹೊಕ್ಕ ವಿಮಾನಕ್ಕೆ ಮೊದಲು ಎದುರುಗಾಳಿ, ಮರುಕ್ಷಣವೇ ಹಿಂಗಾಳಿ. ವೇಗ ದಿಢೀರನೆ ಕುಸಿಯುತ್ತದೆ. ಅಂಥ ಸಂಜೆ ವಿಮಾನ ತಡವಾದರೆ ಬೇಸರ ಬೇಡ, ಅದು ನಮ್ಮ ಜೀವಕ್ಕಾಗಿ ಕಾಯುವುದು.

● ರನ್‌ವೇ ಪಕ್ಕದಲ್ಲಿ ಸಾಲಾಗಿ ನಾಲ್ಕು ದೀಪಗಳಿರುತ್ತವೆ. ಎರಡು ಬಿಳಿ, ಎರಡು ಕೆಂಪು ಕಂಡರೆ ಇಳಿಯುವ ದಾರಿ ಸರಿ. ನಾಲ್ಕೂ ಬಿಳಿಯಾದರೆ ವಿಮಾನ ತೀರಾ ಮೇಲಿದೆ. ನಾಲ್ಕೂ ಕೆಂಪಾದರೆ ತೀರಾ ಕೆಳಗಿದೆ. ದೀಪದ ಬಣ್ಣ ಬದಲಾಗುವುದಿಲ್ಲ. ಪ್ರತಿ ಪೆಟ್ಟಿಗೆಯೂ ಮೇಲಕ್ಕೆ ಬಿಳಿ, ಕೆಳಕ್ಕೆ ಕೆಂಪು ಬೆಳಕನ್ನು ಚೆಲ್ಲುತ್ತಿರುತ್ತದೆ.

● ನಮ್ಮ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಹತ್ತಿಗೆ, ಜೋಳಕ್ಕೆ ಒಗ್ಗುವ ಈ ಮಣ್ಣು ರನ್‌ವೇಗೆ ಒಗ್ಗದು. ಅದನ್ನು ಅಗೆದು ತೆಗೆದು ಗಟ್ಟಿ ಮಣ್ಣು ತುಂಬಬೇಕು, ಇಲ್ಲವೇ ಸುಣ್ಣ ಬೆರೆಸಿ ಹದಗೊಳಿಸಬೇಕು.

● ಕಸದ ಗುಡ್ಡೆಗೂ ವಿಮಾನಕ್ಕೂ ಏನು ಸಂಬಂಧ? ಕಸ ಇದ್ದಲ್ಲಿ ಹದ್ದು ಬರುತ್ತದೆ. ಹದ್ದು ಎಂಜಿನ್ನಿಗೆ ಸಿಕ್ಕರೆ ಅನಾಹುತ. ಅದಕ್ಕೇ 1937ರ ವಿಮಾನ ನಿಯಮಗಳ 91ನೇ ನಿಯಮ, ನಿಲ್ದಾಣದ ಸುತ್ತ 10 ಕಿ.ಮೀ. ಒಳಗೆ ಹಕ್ಕಿಗಳನ್ನು ಸೆಳೆಯುವಂತೆ ಕಸ ಸುರಿಯುವುದನ್ನೂ ಪ್ರಾಣಿ ಕಡಿಯುವುದನ್ನೂ ನಿಷೇಧಿಸಿತು. ಈಗ ರಾಯಚೂರಿನ ಯರಮರಸ್‌ನಲ್ಲೂ ವಿಮಾನ ನಿಲ್ದಾಣದ ಯೋಜನೆ ಇದೆ. ಸುತ್ತಲಿನ ಪಂಚಾಯಿತಿಗಳು ಕಸಕ್ಕೆ ಜಾಗ ಗುರುತಿಸುವಾಗ ಈ 10 ಕಿ.ಮೀ. ಲೆಕ್ಕವನ್ನು ಈಗಿನಿಂದಲೇ ಹಿಡಿಯಲಿ. ರನ್‌ವೇ ಕಟ್ಟುವುದು ಸರ್ಕಾರದ ಕೆಲಸ. ಅದರ ಮೇಲಿನ ಆಕಾಶವನ್ನು ಚೊಕ್ಕವಾಗಿಡುವುದು ಸುತ್ತಲಿನ ಊರವರ ಕೆಲಸ.