ಕವಡೆ ಕೊಟ್ಟು ಅಕ್ಕಿ ಕೊಂಡ ನಾಡು

‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎನ್ನುವ ಮಾತು ನಮ್ಮಲ್ಲಿದೆ. ಆದರೆ ಕವಡೆಗೆ ಒಂದು ಕಾಲದಲ್ಲಿ ನಿಜವಾಗಿಯೂ ಕಿಮ್ಮತ್ತಿತ್ತು. ಬಂಗಾಳದ ಸಂತೆಗಳಿಂದ ಪಶ್ಚಿಮ ಆಫ್ರಿಕಾದ ಪೇಟೆಗಳವರೆಗೆ ಅದೇ ಚಿಲ್ಲರೆ ಹಣವಾಗಿತ್ತು. ಆ ಕವಡೆಗಳು ಮುಖ್ಯವಾಗಿ ಬರುತ್ತಿದ್ದುದು ಹಿಂದೂ ಮಹಾಸಾಗರದ ಮಾಲ್ದೀವ್ಸ್‌ನಿಂದ. ಇಂದು ಟಿವಿಯಲ್ಲಿ ಆ ಹೆಸರು ಬಂದರೆ ನೀಲಿ ನೀರು, ಬಿಳಿ ಮರಳು, ಸಿನಿಮಾ ತಾರೆಯರ ರಜೆಯ ಚಿತ್ರಗಳೇ ಕಾಣುತ್ತವೆ. ಅಲ್ಲಿಯೂ ಜನ ಮನೆಮಠ ಮಾಡಿಕೊಂಡಿದ್ದಾರೆ, ನಮ್ಮಂತೆಯೇ ಅನ್ನ ಉಣ್ಣುತ್ತಾರೆ. ಭತ್ತ ಬೆಳೆಯುವ ಹಾನಗಲ್ ಸೀಮೆಯವರಾದ ನಮಗೆ ಸಹಜವಾಗಿಯೇ ಹುಟ್ಟುವ ಪ್ರಶ್ನೆ: ಗದ್ದೆಯೇ ಇಲ್ಲದ ಆ ನಾಡಿಗೆ ಅಕ್ಕಿ ಎಲ್ಲಿಂದ ಬರುತ್ತದೆ?

ಅಲ್ಲಿ ನದಿಯಿಲ್ಲ, ಬೆಟ್ಟವಿಲ್ಲ. ಸಮುದ್ರದಡಿಯ ಹವಳದ ದಿಬ್ಬಗಳ ಮೇಲೆ ಮರಳು ಸೇರಿ ಆದ ಸುಮಾರು 1,192 ನಡುಗಡ್ಡೆಗಳು ಉತ್ತರ ದಕ್ಷಿಣವಾಗಿ ಎಂಟು ನೂರು ಕಿಲೋಮೀಟರಿಗೂ ಉದ್ದಕ್ಕೆ ಬಳೆಗಳಂತೆ ಹರಡಿವೆ. ಈ ಬಳೆಯಾಕಾರಕ್ಕೆ ಜಗತ್ತೆಲ್ಲ ಬಳಸುವ ‘ಅಟಾಲ್’ ಎಂಬ ಪದ ಅವರ ಧಿವೇಹಿ ಭಾಷೆಯದೇ. ಇಷ್ಟೆಲ್ಲ ಸೇರಿದರೂ ನೆಲ ಸುಮಾರು 300 ಚದರ ಕಿಲೋಮೀಟರ್. ನಮ್ಮ ಹಾವೇರಿ ಜಿಲ್ಲೆಯಲ್ಲಿ ಅಂಥ ಹದಿನಾರು ಮಾಲ್ದೀವ್ಸ್ ಹಿಡಿಸುತ್ತವೆ. ಜನವಸತಿ ಇರುವುದು ಸುಮಾರು 190 ದ್ವೀಪಗಳಲ್ಲಿ ಮಾತ್ರ. ದೇಶದ ಅತಿ ಎತ್ತರದ ಸಹಜ ನೆಲ ಕಡಲಿಗಿಂತ ಎರಡೂವರೆ ಮೀಟರ್ ಮೇಲಿಲ್ಲ. ನಮ್ಮ ಮನೆಯ ಮಾಡು ಅದಕ್ಕಿಂತ ಎತ್ತರ.

ಇದರ ಉತ್ತರಕ್ಕೆ ನಮ್ಮ ಲಕ್ಷದ್ವೀಪವಿದೆ. ಅಲ್ಲಿನ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು 1956ರವರೆಗೆ ಮಂಗಳೂರು ಕೇಂದ್ರವಾದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವೆಂಬುದು ಇಂದು ಹೆಚ್ಚಿನವರಿಗೆ ಮರೆತುಹೋಗಿದೆ. ತೆಂಗಿನ ನಾರಿನ ಹಗ್ಗ ಕೊಟ್ಟು ಕರಾವಳಿಯಿಂದ ಅಕ್ಕಿ ಒಯ್ಯುವುದು ಅವರ ಬದುಕಿನ ಕ್ರಮವಾಗಿತ್ತು. ಲಕ್ಷದ್ವೀಪದ ತೀರಾ ದಕ್ಷಿಣದ ಮಿನಿಕಾಯ್‌ನಲ್ಲಿ ಆಡುವುದು ಮಾಲ್ದೀವ್ಸ್‌ನ ಧಿವೇಹಿಯ ಒಂದು ರೂಪವನ್ನೇ.

ಕನ್ನಡ ನಾಡಿನಿಂದ ಆ ಕಡೆಗೆ ಹೋದವರಲ್ಲಿ ಎಲ್ಲರಿಗಿಂತ ಹೆಸರಾದವರು ಮೊರಾಕ್ಕೊದ ಇಬ್ನ್ ಬತೂತ. ಹಾನಗಲ್‌ನಿಂದ ಶಿರಸಿ ದಾಟಿ ಘಟ್ಟ ಇಳಿದರೆ ಸಿಗುವ ಹೊನ್ನಾವರದಲ್ಲಿ ಅವರು ಸುಲ್ತಾನ್ ಜಮಾಲುದ್ದೀನರ ಅತಿಥಿಯಾಗಿದ್ದರು. ಆ ಊರಿನ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದವರೆಂದೂ, ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಮದ್ರಸಗಳಿದ್ದವೆಂದೂ ಬರೆದಿದ್ದಾರೆ. (ಹುಡುಗಿಯರ ಓದಿನ ಬಗ್ಗೆ ಇಂದಿಗೂ ತಕರಾರು ತೆಗೆಯುವವರು ಈ ಸಾಲನ್ನೊಮ್ಮೆ ನೋಡಬೇಕು.) ಮುಂದೆ ಕಲ್ಲಿಕೋಟೆಯ ದಾರಿಯಾಗಿ 1343ರ ಸುಮಾರಿಗೆ ಅವರು ಮಾಲ್ದೀವ್ಸ್ ಸೇರಿದರು. ಆಗ ಅಲ್ಲಿ ಸಿಂಹಾಸನದಲ್ಲಿದ್ದವರು ಸುಲ್ತಾನಾ ಖದೀಜಾ. ಇಬ್ನ್ ಬತೂತರನ್ನು ಖಾಝಿಯಾಗಿ ನೇಮಿಸಲಾಯಿತು. ಜುಮಾಕ್ಕೆ ತಪ್ಪಿಸಿಕೊಂಡವರಿಗೆ ಶಿಕ್ಷೆ ಕೊಡಿಸಿದರು. ಸೊಂಟದ ಮೇಲೆ ವಸ್ತ್ರ ಧರಿಸದಿದ್ದ ಹೆಂಗಸರ ಉಡುಪು ಬದಲಿಸಲು ಹೊರಟು ಸೋತೆನೆಂದು ತಾವೇ ಒಪ್ಪಿಕೊಂಡಿದ್ದಾರೆ. ನಮಗೆ ಬೇಕಾದ ಉತ್ತರವೂ ಅವರಲ್ಲೇ ಇದೆ: ದ್ವೀಪದವರು ಕವಡೆಯನ್ನು ಬಂಗಾಳದವರಿಗೆ ಕೊಟ್ಟು ಅಕ್ಕಿ ಪಡೆಯುತ್ತಿದ್ದರು.

ಆ ಜನ ಮೊದಲು ಬೌದ್ಧರು. 1153ರಲ್ಲಿ ಅವರ ರಾಜ ಇಸ್ಲಾಮ್ ಸ್ವೀಕರಿಸಿದರು. ಸೈನ್ಯ ಬಂದು ಆದ ಬದಲಾವಣೆ ಇದಲ್ಲ. ಅಬುಲ್ ಬರಕಾತ್ ಎಂಬ ಪರದೇಶಿ ಹಾಫಿಝರೊಬ್ಬರು ಕುರ್‌ಆನ್ ಓದಿ, ಊರನ್ನು ಕಾಡುತ್ತಿದ್ದ ಕಡಲ ಜಿನ್ನನ್ನು ಓಡಿಸಿದರೆಂಬ ಕಥೆಯನ್ನು ಇಬ್ನ್ ಬತೂತ ಅಲ್ಲಿಯವರ ಬಾಯಿಂದ ಕೇಳಿ ಬರೆದಿದ್ದಾರೆ. ರಾಜಧಾನಿ ಮಾಲೆಯ ‘ಹುಕುರು ಮಿಸ್ಕಿ’, ಅಂದರೆ ಜುಮಾ ಮಸೀದಿ, 1658ರದು. ಗಾರೆಯಿಲ್ಲದೆ, ಕೆತ್ತಿದ ಹವಳದ ಕಲ್ಲುಗಳನ್ನು ಒಂದಕ್ಕೊಂದು ಕೂಡಿಸಿ ಕಟ್ಟಿದ್ದು. ಅವರ ಲಿಪಿಯ ಹೆಸರು ‘ತಾನ’. ಉರ್ದುವಿನಂತೆ ಬಲದಿಂದ ಎಡಕ್ಕೆ ಬರೆಯುತ್ತಾರೆ. ಸ್ವಾರಸ್ಯವೆಂದರೆ ಅದರ ಮೊದಲ ಒಂಬತ್ತು ಅಕ್ಷರಗಳು ಅರಬಿ ಅಂಕಿಗಳಿಂದ ಬಂದವು. ಮದ್ರಸದ ಮಕ್ಕಳಿಗೆ ತೋರಿಸಿದರೆ ಖುಷಿಪಟ್ಟಾರು.

ಊಟ ಸರಳ. ಬೇಯಿಸಿ ಹೊಗೆಯಲ್ಲಿ ಒಣಗಿಸಿದ ಟ್ಯೂನಾ ಮೀನು, ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ, ಲಿಂಬೆರಸ ಕಲಸಿದರೆ ‘ಮಸ್ ಹುನಿ’. ಜೊತೆಗೆ ‘ರೋಶಿ’, ನಮ್ಮ ರೊಟ್ಟಿಯ ನೆಂಟನೇ. ಟ್ಯೂನಾ ಹಿಡಿಯಲು ಬಲೆ ಬೀಸುವುದಿಲ್ಲ. ಗಾಳದ ಕೋಲಿನಿಂದ ಒಂದೊಂದನ್ನೇ ಎಳೆದು ಹಾಕುತ್ತಾರೆ. ಈ ಪದ್ಧತಿಯಿಂದ ಅವರ ಮೀನಿಗೆ ಹೊರದೇಶಗಳಲ್ಲಿ ಒಳ್ಳೆಯ ಹೆಸರಿದೆ.

ಆದರೆ ಮೀನಿನಿಂದ ದೇಶ ನಡೆಯುವ ಕಾಲ ಹೋಯಿತು. 1972ರಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ತೆರೆಯಿತು. 2024ರಲ್ಲಿ ಬಂದ ಪ್ರವಾಸಿಗರು 20 ಲಕ್ಷಕ್ಕೂ ಹೆಚ್ಚು. ದೇಶದ ಜನಸಂಖ್ಯೆಯಾದರೋ 2022ರ ಗಣತಿಯಂತೆ ಸುಮಾರು 5 ಲಕ್ಷ 15 ಸಾವಿರ. ಜನರಿಲ್ಲದ ದ್ವೀಪಗಳನ್ನು ರೆಸಾರ್ಟ್‌ಗೆಂದು ಬಿಟ್ಟುಕೊಟ್ಟು, ಅಲ್ಲಿ ಮದ್ಯಕ್ಕೂ ಅನುಮತಿ ಕೊಟ್ಟರು. ಜನವಸತಿಯ ದ್ವೀಪಗಳಲ್ಲಿ ಮದ್ಯ ನಿಷೇಧವೇ. ಹೀಗೆ ಒಂದೇ ದೇಶದಲ್ಲಿ ಎರಡು ಕಾನೂನು. ಇದು ಜಾಣತನವೋ ರಾಜಿಯೋ ಎಂಬ ವಾದ ಅವರಲ್ಲೇ ಇದೆ. ನಮಗೆ ಇದಕ್ಕಿಂತ ಚಿಂತೆಯ ವಿಷಯವಾಗಿ ಕಾಣುವುದು ಒಂದೇ ದಂಧೆಯನ್ನು ನಂಬಿ ನಿಂತಿರುವುದು. 2020ರಲ್ಲಿ ಕೊರೊನಾದಿಂದ ಗಡಿ ಮುಚ್ಚಿದಾಗ ಆ ವರ್ಷ ಅವರ ಆರ್ಥಿಕತೆ ಸುಮಾರು ಮೂರನೇ ಒಂದು ಭಾಗ ಕುಸಿಯಿತು.

ಅಲ್ಲಿರುವವರಲ್ಲಿ ನಾಲ್ವರಲ್ಲಿ ಒಬ್ಬರು ಹೊರದೇಶದವರು. ಬಾಂಗ್ಲಾದೇಶದವರೇ ಹೆಚ್ಚು, ಭಾರತೀಯರೂ ಬಹಳ ಮಂದಿ ಇದ್ದಾರೆ. ಶಿಕ್ಷಕರು, ನರ್ಸ್‌ಗಳು ಒಳ್ಳೆಯ ಕೆಲಸದಲ್ಲಿದ್ದಾರೆ. ಕೂಲಿಗೆಂದು ಹೋದವರ ಸ್ಥಿತಿ ಬೇರೆ. 2022ರ ನವೆಂಬರಿನಲ್ಲಿ ಮಾಲೆಯ ಗ್ಯಾರೇಜೊಂದರ ಮೇಲಿನ ಇಕ್ಕಟ್ಟಾದ ಕೋಣೆಗಳಿಗೆ ಬೆಂಕಿ ಬಿದ್ದು 10 ಕಾರ್ಮಿಕರು ಸತ್ತರು, ಹೆಚ್ಚಿನವರು ಭಾರತೀಯರೇ. ಮಗನನ್ನು ಅಲ್ಲಿಗೆ ಕಳಿಸುವ ಮನೆಯವರು ಸಂಬಳದ ಜೊತೆಗೆ ಮಲಗುವ ಜಾಗವನ್ನೂ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇಂದು ಅವರ ಅಕ್ಕಿಯ ದೊಡ್ಡ ಪಾಲು ಭಾರತದ್ದು. ನಮ್ಮ ಸರ್ಕಾರ 1981ರ ಒಪ್ಪಂದದ ಮೇರೆಗೆ, ರಫ್ತಿಗೆ ನಿರ್ಬಂಧವಿರುವ ಕಾಲದಲ್ಲೂ, ಅವರಿಗೆ ಬೇರೆಯೇ ಪಾಲು ಇಡುತ್ತದೆ. 2024-25ಕ್ಕೆ ಅಕ್ಕಿ 1,24,218 ಟನ್, ಈರುಳ್ಳಿ 35,749 ಟನ್, ಜೊತೆಗೆ ಗೋಧಿ ಹಿಟ್ಟು, ಸಕ್ಕರೆ, ಕೋಟಿಗಟ್ಟಲೆ ಮೊಟ್ಟೆ. ಆ ಪಟ್ಟಿಯಲ್ಲಿ ಇನ್ನೊಂದಿದೆ: ನದಿ ಮರಳು 10 ಲಕ್ಷ ಟನ್. ಸುತ್ತ ಮರಳೇ ಇದ್ದರೂ ಅದು ಹವಳದ ಉಪ್ಪು ಮರಳು. ಗಟ್ಟಿ ಕಟ್ಟಡಕ್ಕೆ ಸಿಹಿನೀರಿನ ಮರಳೇ ಬೇಕು. ವರದೆ, ತುಂಗಭದ್ರೆಯ ದಂಡೆಯಲ್ಲಿ ಮರಳಿನ ಲಾರಿಗಳ ಜಗಳ ಕಂಡ ನಮಗೆ ಆ ಮಾತು ಬೇಗ ಅರ್ಥವಾಗುತ್ತದೆ.

ಕುಡಿಯುವ ನೀರಿನದು ಇನ್ನೂ ಕಷ್ಟ. ಮಳೆನೀರು ಮರಳಿನಡಿ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತದೆ. ಹೆಚ್ಚು ಸೇದಿದರೆ ಬಾವಿಯೇ ಉಪ್ಪು. ಮಾಲೆಯ ಬಾವಿಗಳು ಎಂದೋ ಕೆಟ್ಟುಹೋಗಿ, ಕಡಲ ನೀರನ್ನೇ ಯಂತ್ರದಲ್ಲಿ ಸಿಹಿ ಮಾಡಿ ಕುಡಿಯುತ್ತಾರೆ. 2014ರ ಡಿಸೆಂಬರ್ 4ರಂದು ಆ ಘಟಕಕ್ಕೆ ಬೆಂಕಿ ಬಿದ್ದಾಗ ಒಂದು ಲಕ್ಷಕ್ಕೂ ಹೆಚ್ಚು ಜನರ ನಲ್ಲಿ ನಿಂತುಹೋಯಿತು. ಭಾರತದ ವಿಮಾನಗಳೂ ‘ಸುಕನ್ಯಾ’ ನೌಕೆಯೂ ನೀರು ಹೊತ್ತು ಹೋದವು.

2004ರ ಸುನಾಮಿಯಲ್ಲಿ ಅಲ್ಲಿ 80ಕ್ಕೂ ಹೆಚ್ಚು ಜನ ತೀರಿಕೊಂಡರು, ಎಷ್ಟೋ ದ್ವೀಪಗಳ ಬಾವಿಗೂ ತೋಟಕ್ಕೂ ಉಪ್ಪು ನುಗ್ಗಿತು. ಕಂದೊಳುದೂ ದ್ವೀಪದ ಸಾವಿರಾರು ಜನ ಒಟ್ಟಾಗಿ ಊರು ಬಿಡಬೇಕಾಯಿತು. ಅಕ್ಕಪಕ್ಕದ ದ್ವೀಪಗಳಲ್ಲಿ ನಾಲ್ಕು ವರ್ಷ ಕಳೆದ ಮೇಲೆ, ಅದುವರೆಗೆ ಯಾರೂ ವಾಸವಿರದಿದ್ದ ದುವಾಫರು ಎಂಬಲ್ಲಿ ರೆಡ್‌ಕ್ರಾಸ್ ಕಟ್ಟಿಸಿಕೊಟ್ಟ ಮನೆಗಳಿಗೆ ಹೋದರು. ಶಾಲೆ ಮಸೀದಿಗಳೊಂದಿಗೆ ಅದೇ ಈಗ ಅವರ ಊರು.