ನೆಲದ ಸೈನಿಕನಿಗೆ ಗಗನದ ನೆರವು

ವಿಮಾನಬಲವೆಂದರೆ ಶತ್ರುವಿನ ಪಟ್ಟಣಗಳ ಮೇಲೆ ಬಾಂಬುಗಳನ್ನು ಸುರಿಸುವ ಬಲವೆಂದೇ ಜನಸಾಮಾನ್ಯರ ಎಣಿಕೆ. ಆದರೆ ಕಂದಕದಲ್ಲಿ ಕುಳಿತು ಹೋರಾಡುವ ಪದಾತಿಗೆ ಬೇಕಾದ ವಿಮಾನಬಲವು ಬೇರೆ. ಎದುರಿನ ಟ್ಯಾಂಕು ತನ್ನ ಮೇಲೆ ಹರಿಯುವ ಮುನ್ನ, ತನಗೆ ಪೆಟ್ಟು ತಾಗದಂತೆ, ಅದನ್ನು ಮೇಲಿನಿಂದ ಹೊಡೆಯಬಲ್ಲ ಬಂಧುವೊಬ್ಬನು ಅವನಿಗೆ ಬೇಕು. ಯಂತ್ರಗಳನ್ನು ಕೊಂಡ ಮಾತ್ರಕ್ಕೆ ಈ ಬಾಂಧವ್ಯವು ಬರತಕ್ಕದ್ದಲ್ಲ. ನೆಲದವನ ಕೂಗು ಮೇಲಿನವನಿಗೆ ಕೇಳಿಸಬೇಕು. ಇದೇ ಈ ವಿದ್ಯೆಯ ಮರ್ಮ.

1916ರಲ್ಲಿ ಫ್ರಾನ್ಸ್ ದೇಶದ ಸೊಮ್ ಕದನದಲ್ಲಿ ಮುನ್ನುಗ್ಗಿದ ಪದಾತಿಗಳು ನೆಲದ ಮೇಲೆ ಬಟ್ಟೆಗಳನ್ನು ಹಾಸಿಯೂ ದೀವಟಿಗೆಗಳನ್ನು ಉರಿಸಿಯೂ ತಾವಿರುವ ಠಾವನ್ನು ವೈಮಾನಿಕರಿಗೆ ತಿಳಿಸಬೇಕಾಗಿತ್ತು. ಹಾಗೆ ಮಾಡಿದರೆ ಶತ್ರುವಿಗೂ ಗುರಿ ತೋರಿದಂತಾಗುವುದೆಂದು ಎಷ್ಟೋ ಮಂದಿ ಹಿಂಜರಿದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ರೇಡಿಯೋ ಈ ಕೊರತೆಯನ್ನು ನೀಗಿಸಿತು. ಇಟಲಿಯ ರಣರಂಗದಲ್ಲಿ ಅಧಿಕಾರಿಯೊಬ್ಬನು ರೇಡಿಯೋ ಹೂಡಿದ ವಾಹನದೊಡನೆ ಮುಂಚೂಣಿಯಲ್ಲಿ ಕುಳಿತು, ಮೇಲೆ ಸುತ್ತುತ್ತ ಕಾದಿರುವ ವಿಮಾನಗಳನ್ನು, ನಿಲ್ದಾಣದಿಂದ ಜಟಕಾ ಕರೆದಂತೆ, ಬೇಕಾದಾಗ ಬೇಕಾದ ಸ್ಥಳಕ್ಕೆ ಕರೆಯುತ್ತಿದ್ದನು.

ನಮ್ಮ ಜನರಿಗೆ ಯುದ್ಧವಿಮಾನದ ಪರಿಚಯವಾದ ಬಗೆಯನ್ನು ನಾವು ಮರೆಯಲಾರೆವು. 1919ರ ಏಪ್ರಿಲ್ 14ರಂದು, ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡದ ಮರುದಿನವೇ, ಪಂಜಾಬಿನ ಗುಜ್ರಾನ್‌ವಾಲಾದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಆಂಗ್ಲ ಸರ್ಕಾರದ ವಿಮಾನಗಳು ನಿರಾಯುಧ ಪ್ರಜೆಗಳ ಮೇಲೆ ಬಾಂಬುಗಳನ್ನೆಸೆದು ಯಂತ್ರದ ಬಂದೂಕಿನಿಂದ ಗುಂಡು ಸುರಿಸಿದವು. ಆಯುಧವು ಯಾರ ಕೈಯಲ್ಲಿದೆ, ಯಾರ ರಕ್ಷಣೆಗಾಗಿ ಇದೆ ಎಂಬ ಪ್ರಶ್ನೆಯೇ ಮೊದಲ ಪ್ರಶ್ನೆಯೆಂಬುದನ್ನು ಅಂದು ದೇಶವು ಕಲಿಯಿತು.

1932ರಲ್ಲಿ ಸ್ಥಾಪಿತವಾದ ಭಾರತೀಯ ವಿಮಾನದಳದ ತರುಣರು 1944ರಲ್ಲಿ ಇಂಫಾಲಿನ ಕದನದಲ್ಲಿ ಪರಾಕ್ರಮವನ್ನು ಮೆರೆದರು. ಅಲ್ಲಿ ಒಂದನೆಯ ಸ್ಕ್ವಾಡ್ರನ್ನಿನ ನಾಯಕರಾಗಿದ್ದವರು ಅರ್ಜನ್ ಸಿಂಗರು. ಸ್ವಾತಂತ್ರ್ಯ ಬಂದ ವರ್ಷವೇ ಕಾಶ್ಮೀರದಲ್ಲಿ ನಮ್ಮ ವಿಮಾನಗಳು ನಮ್ಮದೇ ಸೈನ್ಯಕ್ಕೆ ಒತ್ತಾಸೆಯಾದವು. ಹೀಗಿದ್ದೂ 1962ರಲ್ಲಿ ಚೀನೀಯರು ನಮ್ಮ ಯೋಧರನ್ನು ಹಿಮಾಲಯದ ಇಳಿಜಾರುಗಳಲ್ಲಿ ಮುತ್ತಿದಾಗ, ನಮ್ಮ ಯುದ್ಧವಿಮಾನಗಳನ್ನು ದಾಳಿಗೆ ಕಳುಹಿಸಲಿಲ್ಲ. ಸಾಮಗ್ರಿ ಸಾಗಿಸುವ ವಿಮಾನಗಳೂ ಹೆಲಿಕಾಪ್ಟರುಗಳೂ ದುಡಿದುವು. ಹೊಡೆಯಬಲ್ಲವು ನಿಂತ ನೆಲದಲ್ಲಿಯೇ ಉಳಿದವು. ಶತ್ರುವು ನಮ್ಮ ನಗರಗಳ ಮೇಲೆ ಸೇಡು ತೀರಿಸಿಕೊಂಡಾನೆಂಬ ಭಯವು ದಿಲ್ಲಿಯನ್ನು ಕಟ್ಟಿಹಾಕಿತ್ತು. ಆ ಭಯದ ಬೆಲೆಯನ್ನು ತೆತ್ತವರು ಕಂದಕದಲ್ಲಿದ್ದವರು.

1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಮರುಭೂಮಿಯ ಲೋಂಗೇವಾಲಾ ಠಾಣೆಯ ಮೇಲೆ ಪಾಕಿಸ್ತಾನದ ಸೈನ್ಯವು ನಲವತ್ತಕ್ಕೂ ಮೀರಿದ ಟ್ಯಾಂಕುಗಳೊಡನೆ ಬಂದೆರಗಿತು. ಠಾಣೆಯಲ್ಲಿದ್ದವರು ಮೇಜರ್ ಕುಲದೀಪ್ ಸಿಂಗ್ ಚಾಂದಪುರಿಯವರೂ ಪಂಜಾಬ್ ರೆಜಿಮೆಂಟಿನ ಸುಮಾರು 120 ಮಂದಿಯೂ ಮಾತ್ರ. ಜೈಸಲ್ಮೇರಿನಲ್ಲಿದ್ದ ಹಂಟರ್ ವಿಮಾನಗಳಿಗೆ ರಾತ್ರಿಯಲ್ಲಿ ಹೋರಾಡುವ ಸಾಧನವಿರಲಿಲ್ಲ. ಬೆಳಗಾಗುವವರೆಗೆ ನೆರವಿಲ್ಲವೆಂದು ತಿಳಿದೂ ಮೇಜರರು ಠಾಣೆಯನ್ನು ಬಿಡಲಿಲ್ಲ. ಬೆಳಕು ಹರಿಯುತ್ತಲೇ ಹಂಟರುಗಳು ಬಂದವು. ಮೇಜರ್ ಆತ್ಮಾ ಸಿಂಗರು ಕೃಷಕ್ ಎಂಬ ಸಣ್ಣ ನಿರಾಯುಧ ವಿಮಾನದಲ್ಲಿ ರಣದ ಮೇಲೆಯೇ ಹಾರುತ್ತ, ಟ್ಯಾಂಕುಗಳಿರುವ ಎಡೆಯನ್ನು ರೇಡಿಯೋದಲ್ಲಿ ಹೇಳುತ್ತಿದ್ದರು. ಹಂಟರುಗಳು ರಾಕೆಟ್ಟಿನಿಂದಲೂ ಫಿರಂಗಿಯಿಂದಲೂ ಅವುಗಳನ್ನು ಸುಟ್ಟವು. ಮರಳುಗಾಡಿನಲ್ಲಿ ಟ್ಯಾಂಕಿಗೆ ಮರೆಯೆಲ್ಲಿ? ಶತ್ರುವು ಮೂವತ್ತಕ್ಕೂ ಹೆಚ್ಚು ಟ್ಯಾಂಕುಗಳನ್ನು ಕಳೆದುಕೊಂಡು ಹಿಮ್ಮೆಟ್ಟಿದನು. ಅವನ ಸೈನ್ಯವಾದರೋ ತನ್ನ ವಿಮಾನಗಳ ನೆರವಿಲ್ಲದೆಯೇ ಮುನ್ನುಗ್ಗಿತ್ತು. ನಾವು 1962ರಲ್ಲಿ ಕಲಿತ ಪಾಠವನ್ನು ಅವನು ಲೋಂಗೇವಾಲಾದಲ್ಲಿ ಕಲಿತನು. ಆ ಕೃಷಕ್ ವಿಮಾನವನ್ನೂ, ಅದೇ ಮರುಭೂಮಿಯಲ್ಲಿ ಕಾದಿದ ಮಾರುತವನ್ನೂ ರೂಪಿಸಿದ್ದು ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯೆಂಬುದು ಕನ್ನಡನಾಡಿಗೆ ಅಭಿಮಾನದ ಸಂಗತಿ.

ಆದರೆ ಅಭಿಮಾನವು ಮೈಮರೆವಾಗಬಾರದು. 1999ರಲ್ಲಿ ಕಾರ್ಗಿಲ್ಲಿನ ಶಿಖರಗಳನ್ನು ಶತ್ರುವು ಹಿಡಿದಿರುವುದು ಮೇ ತಿಂಗಳ ಮೊದಲಲ್ಲೇ ತಿಳಿದಿದ್ದರೂ ನಮ್ಮ ವಿಮಾನಗಳು ದಾಳಿಗಿಳಿದದ್ದು 26ರಂದು. ಮೂರು ದಿನಗಳೊಳಗೆ ಎರಡು ಯುದ್ಧವಿಮಾನಗಳನ್ನೂ ಒಂದು ಹೆಲಿಕಾಪ್ಟರನ್ನೂ ಕಳೆದುಕೊಂಡೆವು. ಆಮೇಲೆ ಮಿರಾಜ್ ವಿಮಾನಗಳು ಎತ್ತರದಿಂದಲೇ ಗುರಿಯಿಟ್ಟು ಹೊಡೆದವು. ಕಲಿತೆವು, ನಿಜ, ಆದರೆ ಕಲಿಕೆಯು ಯುದ್ಧ ಹೂಡಿದ ಮೇಲೆ ನಡೆಯಿತು.

ಮೂರು ದಳಗಳನ್ನೂ ಒಂದುಗೂಡಿಸುವ ಉದ್ದೇಶದಿಂದ 2019ರಲ್ಲಿ ಸರ್ಕಾರವು ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆಯನ್ನು ನಿರ್ಮಿಸಿದ್ದು ಯೋಗ್ಯವೇ ಸರಿ. ಆದರೆ ದಿಲ್ಲಿಯಲ್ಲಿ ಹುದ್ದೆಯೊಂದು ಏರ್ಪಟ್ಟರೆ ಸಾಲದು. ವೈಮಾನಿಕನೂ ಪದಾತಿಯೂ ಶಾಂತಿಕಾಲದಲ್ಲಿಯೇ ಒಂದೇ ನಕ್ಷೆಯನ್ನು ನೋಡಿ, ಒಂದೇ ಸಂಕೇತವನ್ನು ಬಳಸಿ, ಜೊತೆಯಾಗಿ ಅಭ್ಯಾಸ ಮಾಡಬೇಕು. ಚಾಂದಪುರಿಯವರು ಬೆಳಗಾಗುವವರೆಗೆ ಕಾದರು. ಬೆಳಕು ಅವರನ್ನು ವಂಚಿಸಲಿಲ್ಲ. ಮುಂದೆ ಹಾಗೆ ಕಾಯಬೇಕಾದ ಯೋಧನನ್ನೂ ಅದು ವಂಚಿಸದಂತೆ ನೋಡಿಕೊಳ್ಳುವುದು ಆಳುವವರ ಹೊಣೆ. ಅದನ್ನು ಅವರಿಗೆ ನೆನಪಿಸುತ್ತಿರುವುದು ಪ್ರಜೆಗಳಾದ ನಮ್ಮೆಲ್ಲರ ಹೊಣೆ.