ಅನ್ನ ಬಿಟ್ಟರೂ ತೂಕ ಇಳಿಯುತ್ತಿಲ್ಲವೇ? ಎಣ್ಣೆ ಕ್ಯಾನ್ ನೋಡಿ

‘ರಾತ್ರಿ ಅನ್ನ ಬಿಟ್ಟು ಎರಡು ತಿಂಗಳಾಯ್ತು, ತೂಕ ಮಾತ್ರ ಹಾಗೇ ಉಂಟು.’ ಮದುವೆ ಮನೆಗಳಲ್ಲಿ ನಮ್ಮ ಹೆಂಗಸರ ಬಾಯಲ್ಲಿ ಈ ಮಾತು ಕೇಳದೆ ಇರುವುದಿಲ್ಲ. ಕರಾವಳಿ ಬಿಟ್ಟು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ವ್ಯಾಪಾರಕ್ಕೆಂದು ಹೋದವರಿಗೆ ನೆರೆಮನೆಯವರ ಸಲಹೆಯೂ ಸಿಗುತ್ತದೆ: ‘ಮುದ್ದೆ ಉಣ್ಣಿ, ಸಣ್ಣಗಾಗ್ತೀರಿ.’

ರಾಗಿ ಒಳ್ಳೆಯದೇ. ನಾರು, ಕ್ಯಾಲ್ಸಿಯಂ ಹೆಚ್ಚು, ಬೇಗ ಹಸಿವಾಗುವುದಿಲ್ಲ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 350. ಎರಡು ದೊಡ್ಡ ಮುದ್ದೆ ಉಂಡರೆ ತೂಕ ಇಳಿಯೋದು ಎಲ್ಲಿಂದ? ಮೊದಲು ನಮ್ಮ ದೇಹಕ್ಕೆ ದಿನಕ್ಕೆ ಎಷ್ಟು ಬೇಕು ಅಂತ ತಿಳಿಯಬೇಕು.

ಲೆಕ್ಕ ಕಷ್ಟದ್ದಲ್ಲ. ತೂಕವನ್ನು (ಕೆ.ಜಿ.) 10ರಿಂದ, ಎತ್ತರವನ್ನು (ಸೆಂ.ಮೀ.) 6.25ರಿಂದ ಗುಣಿಸಿ ಕೂಡಿಸಿ. ಅದರಲ್ಲಿ ವಯಸ್ಸಿನ ಐದು ಪಟ್ಟು ಕಳೆಯಿರಿ. ಹೆಂಗಸರು ಮತ್ತೆ 161 ಕಳೆಯಬೇಕು, ಗಂಡಸರು 5 ಕೂಡಿಸಬೇಕು. ಕುಳಿತೇ ಇರುವವರು ಬಂದ ಸಂಖ್ಯೆಯನ್ನು 1.2ರಿಂದ, ಮನೆಗೆಲಸ, ಸ್ವಲ್ಪ ನಡಿಗೆ ಇರುವವರು 1.375ರಿಂದ ಗುಣಿಸಿ. 40 ವರ್ಷದ, 155 ಸೆಂ.ಮೀ. ಎತ್ತರದ, 70 ಕೆ.ಜಿ. ತೂಕದ ಗೃಹಿಣಿಗೆ ಇದು ಸುಮಾರು 1,800 ಕ್ಯಾಲರಿ. ದಿನಕ್ಕೆ 400 ಕಡಿಮೆ ಮಾಡಿದರೆ 1,400. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲರಿ. ಹಾಗಾಗಿ ಶುರುವಿನಲ್ಲಿ ಒಂದು ಕೆ.ಜಿ. ಇಳಿಯಲು ಸುಮಾರು ಮೂರು ವಾರ ಹಿಡಿಯುತ್ತದೆ. ಆಮೇಲೆ ನಿಧಾನವಾಗುತ್ತದೆ.

ಈ 400 ಎಲ್ಲಿದೆ? ಐದು ಜನರ ಮನೆಯಲ್ಲಿ ತಿಂಗಳಿಗೆ ಐದು ಲೀಟರ್ ಎಣ್ಣೆ ಮುಗಿದರೆ ಒಬ್ಬರಿಗೆ ದಿನಕ್ಕೆ ಸುಮಾರು 275 ಕ್ಯಾಲರಿ ಎಣ್ಣೆಯಿಂದಲೇ ಹೋಗುತ್ತದೆ. ಅದನ್ನು ಅರ್ಧ ಮಾಡಿದರೆ 135 ಉಳಿಯಿತು. ಎರಡು ಚಮಚ ಸಕ್ಕರೆಯ ನಾಲ್ಕು ಚಾ ಅಂದರೆ 160. ಸಕ್ಕರೆ ಬಿಟ್ಟು ಸುಲೈಮಾನಿ ಕುಡಿಯಿರಿ. ಒಂದು ಸಣ್ಣ ಸೌಟು ಅನ್ನ ಕಡಿಮೆ ಹಾಕಿಕೊಂಡರೆ ಇನ್ನೂ 100. ಲೆಕ್ಕ ಸರಿಹೋಯ್ತು! ಪತ್ತಿರ್, ನೈಚೋರು ಬಿಡಬೇಕಿಲ್ಲ. ಎಷ್ಟು, ಎಷ್ಟು ಸಲ ಎಂಬುದಷ್ಟೇ ಪ್ರಶ್ನೆ. ಪಾವಗಡ, ಶಿರಾ ಕಡೆ ಕಡಲೆಕಾಯಿಗೆ ಬರವಿಲ್ಲ. ಒಳ್ಳೆಯ ಆಹಾರವೇ, ಆದರೆ ಒಂದು ಹಿಡಿ ಬೀಜಕ್ಕೇ ಸುಮಾರು 160 ಕ್ಯಾಲರಿ. ಅದೂ ಲೆಕ್ಕಕ್ಕೆ ಬರಲಿ. ಹುರುಳಿ ಸಾರು, ಮೊಟ್ಟೆ, ಮೀನು, ತರಕಾರಿ ಕಡಿಮೆ ಮಾಡಬೇಡಿ.

ಬೇಗ ಇಳಿಯಲಿ ಅಂತ 1,200ಕ್ಕಿಂತ ಕೆಳಗೆ ಹೋಗುವುದು ಬೇಡ. ಶುಗರ್, ಬಿಪಿ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬಾರದು.

ಹೊಟ್ಟೆಯ ಮೂರರಲ್ಲಿ ಒಂದು ಪಾಲು ಊಟಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬ ಪ್ರವಾದಿಯವರ (ಸ) ಬೋಧನೆಯನ್ನು ಮದ್ರಸದಲ್ಲೇ ಕೇಳಿದವರು ನಾವು. ಈ ತಿಂಗಳು ಎಣ್ಣೆ ಕ್ಯಾನ್ ತಂದ ದಿನ ಅದರ ಮೇಲೆ ತಾರೀಕು ಬರೆದಿಡಿ. ಇನ್ಶಾ ಅಲ್ಲಾಹ್, ಮುಂದಿನ ಕ್ಯಾನ್ ತಡವಾಗಿ ಬರಲಿ.